ಮುನ್ನೂರ ಮೂವತ್ತಾರು ನಿಂಬೆಹಣ್ಣು

ಭೀಮಾಶಂಕರ ಎಂಬ ಹೆಸರು ಕೇಳಿದವರು, ಎದುರಿಗೆ ಬಂದ ಮನುಷ್ಯನನ್ನು ನೋಡಿ, ಭೀಮಾಶಂಕರ ಇವನ ಹಿಂದೆ ಬರುತ್ತಿರಬೇಕೆಂದು ಸ್ವಲ್ಪ ಹೊತ್ತು ಕಾಯುತ್ತಿದ್ದರು. ಅವನ ತೂಕ ಒಂದು ಸಿಮೆಂಟ್ ಮೂಟೆಗಿಂತ ಎರಡೇ ಕಿಲೋ ಹೆಚ್ಚು. ಇದು ಅಂದಾಜಿನ ಮಾತಲ್ಲ, ಗೋಡೌನಿನ ತಕ್ಕಡಿಯ ಮೇಲೆ ಹಮಾಲಿಗಳೇ ಅವನನ್ನು ಒಮ್ಮೆ ಹತ್ತಿಸಿ ನೋಡಿದ್ದರು. ಆದರೆ ಮಾತಿನಲ್ಲಿ ಆಸಾಮಿ ಹಗುರದವನಲ್ಲ. ಮುಂದೆ ಆಗಬೇಕಾದ ಒಳ್ಳೆಯ ಸಂಗತಿಯನ್ನು ಆಗಿಹೋದಂತೆ ಹೇಳಿಬಿಡುವುದು ಅವನ ಸ್ವಭಾವ. ಹೇಗೂ ಆಗುತ್ತದಲ್ಲ, ನಾಲ್ಕು ದಿನ ಮೊದಲು ಹೇಳಿದರೆ ಯಾರ ಗಂಟು ಹೋಯಿತು ಎಂಬುದು ಅವನ ವಾದ.

ಆ ಸ್ವಭಾವದಿಂದಲೇ ಎರಡು ವರ್ಷದ ಹಿಂದೆ, ಮದುವೆಯ ಮಾತುಕತೆಯ ಹೊತ್ತಿನಲ್ಲಿ, ತನ್ನ ನೌಕರಿ ಕಾಯಂ ಆಗಿದೆ ಎಂದು ಹೆಣ್ಣಿನವರ ಮುಂದೆ ಹೇಳಿದ್ದ. ಆಗಿರಲಿಲ್ಲ. ಬೆಂಗಳೂರಿನ ಕೆ.ಆರ್. ಪುರ ಸ್ಟೇಷನ್ನಿನ ಹಿಂದಿನ ಸಿಮೆಂಟ್ ಗೋಡೌನಿನಲ್ಲಿ ಮೂಟೆ ಎಣಿಸುವ ದಿನಗೂಲಿ ಗುಮಾಸ್ತ ಅವನು. ಮದುವೆಯಾಗಿ ಬಂದ ರಾಜೇಶ್ವರಿಗೆ ಒಂದು ತಿಂಗಳೊಳಗೆ ವಿಷಯ ತಿಳಿಯಿತು. ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ರೊಟ್ಟಿ ಬಡಿಯುತ್ತಾ ನಕ್ಕುಬಿಟ್ಟಳು. ಅವಳ ತಾಯಿ, ದೂರದ ವಾಡಿಯಲ್ಲಿರುವ ಅತ್ತೆ ಅಮೃತಮ್ಮನಿಗೆ ಗೊತ್ತಾಗುವ ಮೊದಲು ಹೇಗಾದರೂ ಮಾಡಿ ಕಾಯಂ ಆಗಬೇಕು ಎಂಬುದು ಅಂದಿನಿಂದ ಭೀಮಾಶಂಕರನ ಒಂದೇ ಗುರಿ.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಅದಕ್ಕೆ ಅವಕಾಶ ಬಂತು. ಅಲ್ಲಿಯವರೆಗೆ ಸಿಮೆಂಟು ಸ್ಟೇಷನ್ನಿಗೆ ಬಂದು, ಅಲ್ಲಿಂದ ಲಾರಿ ಹತ್ತಿ, ಗೋಡೌನಿಗೆ ಬರುತ್ತಿತ್ತು. ಗೋಡೌನಿನ ಯಜಮಾನರು ವರ್ಷಗಟ್ಟಲೆ ಅರ್ಜಿ ಹಾಕಿ, ಕಚೇರಿ ಅಲೆದು, ಕೊನೆಗೆ ಸ್ವಂತ ಸೈಡಿಂಗ್ ಮಂಜೂರು ಮಾಡಿಸಿದ್ದರು. ಅಂದರೆ ಸ್ಟೇಷನ್ನಿನಿಂದ ಕವಲೊಡೆದ ಒಂದು ಹಳಿ ಸೀದಾ ಗೋಡೌನಿನ ಶೆಡ್ಡಿನೊಳಕ್ಕೆ ಬರುವುದು, ಇಡೀ ಗೂಡ್ಸ್ ಗಾಡಿಯೇ ಬಾಗಿಲಿಗೆ ಬಂದು ನಿಲ್ಲುವುದು. ಆರು ತಿಂಗಳು ಜಲ್ಲಿ ಸುರಿದರು, ಸ್ಲೀಪರ್ ಹಾಸಿದರು, ಹಳಿ ಜೋಡಿಸಿದರು. ಅಷ್ಟೂ ದಿನ ಭೀಮಾಶಂಕರ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ. ತಾನು ಬಾಡಿಗೆಗಿದ್ದ ವಠಾರಕ್ಕೆ ಬಂದು ಮಾತ್ರ, ಇವತ್ತು ಇಪ್ಪತ್ತು ಅಡಿ ಹಾಕಿದೆವು ಎನ್ನುತ್ತಿದ್ದ.

ಗೋಡೌನಿನ ಮ್ಯಾನೇಜರ್ ಜಿಯಾವುಲ್ಲಾ ಸಾಹೇಬರು ಶಿವಾಜಿನಗರದವರು. ಶ್ರಾವಣದ ಒಂದು ಸೋಮವಾರ ಅವನನ್ನು ಕರೆದು ವಿಷಯವನ್ನು ಬಿಚ್ಚಿ ಹೇಳಿದರು.

"ನೋಡು ಭೀಮಾ, ಶುಕ್ರವಾರ ಮೊದಲನೇ ಗಾಡಿ. ಹತ್ತೂವರೆಗೆ ರಾಹುಕಾಲ ಅಂತೆ, ಅಷ್ಟರೊಳಗೆ ಶೆಡ್ಡಲ್ಲಿ ನಿಂತಿರ್ಬೇಕು. ಪೂಜೆ ಜಬರ್ದಸ್ತಾಗಿ ಆಗ್ಬೇಕು. ಎಲ್ಲಾ ಸರಿಯಾಗಿ ಆಯ್ತಾ, ಸೈಡಿಂಗ್ ಗುಮಾಸ್ತನ ಪೋಸ್ಟು ನಿಂದು, ಪರ್ಮನೆಂಟು. ಆಗ್ಲಿಲ್ವಾ, ಯಜಮಾನ್ರ ಷಡ್ಕನ ಮಗ ಬಯೋಡೇಟಾ ಹಿಡ್ಕೊಂಡು ಹೊರಗೆ ಕೂತವ್ನೆ."

ಷಡ್ಕನ ಮಗ ನಿಜಕ್ಕೂ ಹೊರಗೆ ಕೂತಿದ್ದ. ಭೀಮಾಶಂಕರ ಬಾಗಿಲ ಸಂದಿಯಿಂದ ನೋಡಿ ಖಚಿತಪಡಿಸಿಕೊಂಡ. ಪೂಜೆಗೆ ಏನೇನು ಬೇಕು ಎಂದು ಸಾಹೇಬರು ಕೇಳಿದಾಗ, ಒಂದು ತೆಂಗಿನಕಾಯಿ, ಒಂದು ಹಾರ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಕಾಯಂ ನೌಕರಿಯ ಎದುರು ಒಂದು ತೆಂಗಿನಕಾಯಿ ತೀರಾ ಚಿಕ್ಕದಾಗಿ ಕಂಡಿತು. ಹೊಸ ಲಾರಿ, ಹೊಸ ಸ್ಕೂಟರ್ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದಿಲ್ಲವೇ? ಸ್ಕೂಟರಿಗೆ ಇರುವ ಮರ್ಯಾದೆ ರೈಲಿಗೆ ಬೇಡವೇ?

"ನಮ್ಮ ವಾಡಿ ಕಡಿ ಹೊಸಾ ಲೈನಿಗಿ ಗಾಡಿ ಬಂತಂದ್ರ ಒಂದೊಂದು ಗಾಲಿಗೂ ಒಂದೊಂದು ನಿಂಬಿಹಣ್ಣು ಇಡ್ತಾರ್ರಿ ಸರ್. ನಾ ಎಷ್ಟು ಸಲ ನೋಡೀನಿ," ಎಂದ.

ಅವನು ಒಂದು ಸಲವೂ ನೋಡಿರಲಿಲ್ಲ. ಆದರೆ ಸಿಮೆಂಟ್ ಬರುವುದೇ ವಾಡಿಯಿಂದ, ವಾಡಿ ಎಂದರೆ ದೊಡ್ಡ ಜಂಕ್ಷನ್, ಇವನು ಅಲ್ಲಿಯ ಅಳಿಯ. ಸಾಹೇಬರು ತಲೆಯಾಡಿಸಿ ಯಜಮಾನರಿಗೆ ಹೇಳಿದರು. ಯಜಮಾನರು ಪೂಜೆಗೆ ಕರೆದ ಅತಿಥಿಗಳಿಗೆಲ್ಲ ಹೇಳಿದರು. ಮಂಗಳವಾರದ ಹೊತ್ತಿಗೆ ವಾಡಿಯ ಈ ಪ್ರಾಚೀನ ಪದ್ಧತಿ ಕೆ.ಆರ್. ಪುರದಲ್ಲಿ ಹತ್ತು ಮನೆಗೆ ಗೊತ್ತಾಗಿತ್ತು. ಗೊತ್ತಿಲ್ಲದ ಊರೆಂದರೆ ವಾಡಿ ಒಂದೇ.

ಈಗ ಒಂದು ಸಣ್ಣ ತೊಡಕು ಉಳಿಯಿತು. ಗೂಡ್ಸ್ ಗಾಡಿಗೆ ಒಟ್ಟು ಎಷ್ಟು ಗಾಲಿ? ಮೂರು ವರ್ಷದಿಂದ ರೈಲಿನ ಸಿಮೆಂಟ್ ಎಣಿಸಿದವನು ಗಾಲಿ ಎಣಿಸಿರಲಿಲ್ಲ. ವಠಾರದ ಮಾಲೀಕ ಮುನಿರಾಜಪ್ಪನವರನ್ನು ಕೇಳಿದ. ರೈಲು ಹಳಿಯ ಪಕ್ಕದಲ್ಲೇ ಅರವತ್ತು ವರ್ಷ ಸೊಪ್ಪು ಬೆಳೆದವರು ಅವರು, ರೈಲಿನ ವಿಷಯದಲ್ಲಿ ಅವರ ಮಾತಿಗೆ ಆ ಬೀದಿಯಲ್ಲಿ ಎದುರು ಮಾತಿರಲಿಲ್ಲ. ಒಂದು ಡಬ್ಬಿಗೆ ನಾಲ್ಕೇ ಚಕ್ರ, ಎತ್ತಿನ ಗಾಡಿಗೆ ಎರಡು, ಇದು ದೊಡ್ಡದು, ಅದಕ್ಕೇ ನಾಲ್ಕು ಎಂದು ಅವರು ತೀರ್ಪು ಕೊಟ್ಟರು. ಅನುಮಾನವಿದ್ದರೆ ನೋಡೇಬಿಡೋಣ ಎಂದು ಇಬ್ಬರೂ ಬುಧವಾರ ಬೆಳಿಗ್ಗೆ ಹಳಿಯ ಪಕ್ಕ ಹೋಗಿ ನಿಂತರು. ಒಂದು ಗೂಡ್ಸ್ ಗಾಡಿ ಬಂದು ಧೂಳೆಬ್ಬಿಸಿ ಹೋಯಿತು. ಮುನಿರಾಜಪ್ಪನವರ ಲೆಕ್ಕಕ್ಕೆ ಡಬ್ಬಿಗೆ ನಾಲ್ಕು ಬಂತು. ಭೀಮಾಶಂಕರನ ಲೆಕ್ಕಕ್ಕೆ ಹನ್ನೊಂದು ಬಂತು.

ಇಬ್ಬರೂ ವಾದಿಸುತ್ತಾ ವಠಾರಕ್ಕೆ ಬಂದರೆ ಬಾಗಿಲಲ್ಲಿ ಒಂದು ಟ್ರಂಕು, ಟ್ರಂಕಿನ ಮೇಲೆ ಅಮೃತಮ್ಮ. ಅಳಿಯನ ಕೈಯಿಂದ ಹೊಸ ರೈಲು ಶುರುವಾಗುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ಆಕೆ ಹೊರಟು ಬಂದಿದ್ದಳು. ಆಕೆಯ ಗಂಡ ಮೂವತ್ತೆರಡು ವರ್ಷ ವಾಡಿಯಲ್ಲಿ ಪಾಯಿಂಟ್ಸ್‌ಮನ್ ಆಗಿ, ಗಾಡಿಗಳಿಗೆ ಹಳಿ ಬದಲಿಸಿಕೊಡುವ ಕೆಲಸ ಮಾಡಿ, ತೀರಿಕೊಂಡವನು. ರೈಲ್ವೆ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಹೆತ್ತು ಸಾಕಿದ ಆಕೆಗೆ ಗಾಡಿಯ ಸದ್ದಿನಲ್ಲೇ ಗಾಡಿಯ ಜಾತಕ ತಿಳಿಯುತ್ತಿತ್ತು. ಇಬ್ಬರ ವಾದ ಕೇಳಿ, ಡಬ್ಬಿಗಿ ಎಂಟು, ಇಂಜಿನ್ನಿಗಿ ಹನ್ನೆರಡು, ಕಡೀಕಿನ ಗಾರ್ಡ್ ಡಬ್ಬಿಗಿ ನಾಲ್ಕು ಎಂದು ಕೂತಲ್ಲೇ ಹೇಳಿದಳು. ನಲವತ್ತು ಡಬ್ಬಿ. ಭೀಮಾಶಂಕರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿ, ಕೂಡಿಸಿ, ಮುನ್ನೂರ ಮೂವತ್ತಾರು ಎಂದು ಬರೆದು ಅಡಿಗೆರೆ ಎಳೆದ.

ಇಷ್ಟೆಲ್ಲ ಯಾಕೆ ಎಂದು ಅಮೃತಮ್ಮ ಕೇಳಿದಾಗ ನಿಂಬೆಹಣ್ಣಿನ ವಿಷಯ ಹೇಳಲೇಬೇಕಾಯಿತು. ಆಕೆ ಟ್ರಂಕಿನ ಮೇಲೆ ಕೂತಲ್ಲಿಂದಲೇ ಅಳಿಯನ ಕಡೆ ತಿರುಗಿದಳು.

"ನಮ್ಮ ವಾಡ್ಯಾಗ ದಿನಾ ಎಷ್ಟು ಗಾಡಿ ಹೋಗ್ತಾವ್ರಿ ಅಳಿಯಂದ್ರ. ಗಾಲಿಗೊಂದು ನಿಂಬಿಹಣ್ಣು ಇಟ್ಟಿದ್ರ ನಮ್ಮ ಜಿಲ್ಲಾದಾಗ ಉಪ್ಪಿನಕಾಯಿ ಹಾಕ್ಲಿಕ್ಕಿ ಒಂದು ಹಣ್ಣು ಉಳೀತಿತ್ತೇನು?"

"ಅದು ವಾಡಿರಿ ಅತ್ತಿ. ಇದು ಬೆಂಗಳೂರು. ಇಲ್ಲಿ ಪದ್ಧತಿನೇ ಬ್ಯಾರಿ," ಎಂದ ಭೀಮಾಶಂಕರ.

ಹೀಗೆ ಬೆಂಗಳೂರಿನವರಿಗೆ ವಾಡಿಯ ಪದ್ಧತಿಯೆಂದೂ ವಾಡಿಯವರಿಗೆ ಬೆಂಗಳೂರಿನ ಪದ್ಧತಿಯೆಂದೂ ಹೇಳಿ ಅವನು ನಿರಾಳನಾದ. ಎರಡು ಊರುಗಳ ನಡುವೆ ಆರುನೂರು ಕಿಲೋಮೀಟರ್ ಇದೆ. ಆದರೆ ಒಂದು ಕಡೆಯ ಸಾಕ್ಷಿ ಆಗಲೇ ಟ್ರಂಕು ಸಮೇತ ಬಂದಿಳಿದಿದೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಗುರುವಾರ ಚೀಲ ಹಿಡಿದು ರಸೆಲ್ ಮಾರ್ಕೆಟ್ಟಿಗೆ ಹೋದ. ನಿಂಬೆಹಣ್ಣಿನ ಅಹ್ಮದ್ ಪಾಷಾ ಲೆಕ್ಕ ಕೇಳಿ, ಉಪ್ಪಿನಕಾಯಿಗೋ ಮದುವೆಗೋ ಎಂದು ವಿಚಾರಿಸಿದ. ಹೊಸ ಗಾಡಿಯ ಪೂಜೆಗೆ, ಚಕ್ರಕ್ಕೊಂದು ಎಂದು ಭೀಮಾಶಂಕರ ಗಂಭೀರವಾಗಿ ಹೇಳಿದ. ಪಾಷಾ ಎಣಿಸುತ್ತಿದ್ದ ಕೈ ನಿಲ್ಲಿಸಿದ. ನನ್ನ ಭಾವಮೈದುನನ ಲಾರಿಗೆ ಹತ್ತು ಚಕ್ರ, ಅದೇ ದೊಡ್ಡದು ಅಂದುಕೊಂಡಿದ್ದೆ ಎಂದು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ಈ ಗಿರಾಕಿಯನ್ನು ತೋರಿಸಿದ. ಎಲ್ಲರೂ ಸೇರಿ ಒಂದೊಂದೇ ಹಣ್ಣು ಆರಿಸಿ, ಒಂದೂ ಕೊಳೆತದ್ದು ಬಾರದಂತೆ ತುಂಬಿದರು. ಕೊನೆಗೆ ಪಾಷಾ ಇನ್ನೂ ನಾಲ್ಕು ಹಣ್ಣು ಮೇಲೆ ಹಾಕಿದ.

"ಸ್ಟೆಪ್ನಿ ಇರುತ್ತಲ್ಲ ಭಾಯ್, ಅದಕ್ಕೂ ಇರ್ಲಿ."

ರೈಲಿಗೆ ಸ್ಟೆಪ್ನಿ ಇರುತ್ತದೋ ಇಲ್ಲವೋ ಭೀಮಾಶಂಕರನಿಗೂ ತಿಳಿಯದು. ಇದ್ದರೆ ಇರಲಿ ಎಂದು ಇಟ್ಟುಕೊಂಡ. ವಾಪಸ್ ಬರುವಾಗ ಹಲಸೂರಿನ ತಿರುವಿನಲ್ಲಿ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ ರಭಸಕ್ಕೆ ಚೀಲದ ಬಾಯಿ ಬಿಚ್ಚಿ, ಹಣ್ಣುಗಳು ಸೀಟುಗಳ ಕೆಳಗೆ ಉರುಳಾಡಿದವು. ಪಾಪ, ಜನ ಒಳ್ಳೆಯವರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಬಗ್ಗಿದ, ಇಂದಿರಾನಗರದಲ್ಲಿ ಇಳಿಯಬೇಕಾದವರು ಇಳಿಯದೆ ಹುಡುಕಿದರು. ಮನೆಗೆ ಬಂದು ಎಣಿಸಿದಾಗ ಒಂದು ಹೆಚ್ಚೇ ಇತ್ತು. ನೋಡಿದರೆ ಅದು ಯಾರದೋ ಮೂಸಂಬಿ.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಬಾಳೆಕಂಬ, ಮಾವಿನ ತೋರಣ. ಮುನಿರಾಜಪ್ಪನವರ ಹೆಂಡತಿ ಮಂಜುಳಮ್ಮ ಬೀದಿಯ ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ಬಂದು ಅಂಗಳ ತುಂಬ ರಂಗೋಲಿ ಹಾಕಿದ್ದರು. ಯಜಮಾನರು ರೇಷ್ಮೆ ಶಲ್ಯ ಹೊದ್ದು, ಅತಿಥಿಗಳ ನಡುವೆ ಕೂತು, ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಒಂಬತ್ತೂವರೆಗೆ ಗಾಡಿ ಬಂತು. ಇಂಜಿನ್ ಹಿಂದಿತ್ತು, ಅದು ನಲವತ್ತು ಡಬ್ಬಿಗಳನ್ನು ಮುಂದಕ್ಕೆ ತಳ್ಳಿಕೊಂಡು ಶೆಡ್ಡಿನೊಳಗೆ ಸೇರಿಸಬೇಕು. ಗಾರ್ಡ್ ಡಬ್ಬಿ ಗೋಡೌನಿನ ಗೇಟಿಗೆ ಬಂದು ನಿಂತಾಗ ಇಂಜಿನ್ ಅಷ್ಟು ದೂರದಲ್ಲಿ ಸ್ಟೇಷನ್ನಿನ ಹತ್ತಿರವೇ ಇತ್ತು.

ರೈಲ್ವೆಯ ಇನ್‌ಸ್ಪೆಕ್ಟರ್ ಒಬ್ಬರು ಕೆಂಪು ಬಾವುಟ, ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದರು. ಪೂಜೆಗೆ ಐದು ನಿಮಿಷ ಕೊಟ್ಟೆ ಎಂದರು. ಗಾರ್ಡ್ ಡಬ್ಬಿಗೆ ಹಾರ ಹಾಕಿ ಕಾಯಿ ಒಡೆಯುತ್ತಾರೆ ಅಂತ ಅವರು ತಿಳಿದಿದ್ದರು. ಅದೂ ಆಯಿತು. ಆದರೆ ಅವರು ಮಂಗಳಾರತಿಗೆ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಭೀಮಾಶಂಕರನೂ ನಾಲ್ವರು ಹಮಾಲಿಗಳೂ ಮಡಿಲಲ್ಲಿ ಹಣ್ಣು ತುಂಬಿಕೊಂಡು ಗಾಡಿಯ ಎರಡೂ ಮಗ್ಗುಲಲ್ಲಿ ಓಡುತ್ತಿದ್ದರು. ಗಾಲಿ, ಹಣ್ಣು, ಗಾಲಿ, ಹಣ್ಣು. ಭೀಮಾಶಂಕರ ತನ್ನ ಜೀವಮಾನದಲ್ಲಿ ಅಷ್ಟು ಶಿಸ್ತಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹಸಿರು ಬಾವುಟ ಏರಿತು. ಗಾಡಿ ಹೊರಟಿತು. ಪಚಪಚ ಎನ್ನುವ ಸದ್ದು ಗೇಟಿನಿಂದ ಸ್ಟೇಷನ್ನಿನವರೆಗೆ ಸಾಗಿತು, ಗಾಳಿಯಲ್ಲೆಲ್ಲ ನಿಂಬೆಯ ಘಮ. ಅತಿಥಿಗಳು ಚಪ್ಪಾಳೆ ತಟ್ಟಿದರು. ಯಜಮಾನರು ಎದೆ ಉಬ್ಬಿಸಿ, ವಾಡಿಯ ಕಡೆಯ ಪದ್ಧತಿ ಎಂದು ಪಕ್ಕದವರಿಗೆ ವಿವರಿಸಿದರು. ಇಪ್ಪತ್ತೈದು ಡಬ್ಬಿ ಒಳಗೆ ಬಂದವು.

ಇಲ್ಲಿ ಓದುಗರು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂಜಿನ್ ಎಲ್ಲಕ್ಕಿಂತ ಹಿಂದೆ ಇತ್ತು. ಮುಂದಿನ ಮುನ್ನೂರ ಚಿಲ್ಲರೆ ಗಾಲಿಗಳು ಜಜ್ಜಿ, ಅರೆದು, ರಸ ತೆಗೆದು ಹೋದ ಹಳಿಯ ಮೇಲೆ ಅದು ನಡೆಯಬೇಕು. ಸಾಲದ್ದಕ್ಕೆ ಶೆಡ್ಡಿನ ಕಡೆ ಸ್ವಲ್ಪ ಏರು. ಹತ್ತು ಗಂಟೆಗೆ ಸರಿಯಾಗಿ ಇಂಜಿನ್ನಿನ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು. ಕಪ್ಪು ಹೊಗೆ ಬಂತು, ಕಿವಿ ಹರಿಯುವ ಸದ್ದು ಬಂತು, ಗಾಡಿ ಮಾತ್ರ ಒಂದಂಗುಲ ಕದಲಲಿಲ್ಲ. ಡ್ರೈವರ್ ಇಂಜಿನ್ನಿನ ಪೆಟ್ಟಿಗೆಯಲ್ಲಿದ್ದ ಮರಳನ್ನೆಲ್ಲ ಹಳಿಯ ಮೇಲೆ ಬಿಟ್ಟು ನೋಡಿದ. ಎರಡು ಡಬ್ಬಿಯಷ್ಟು ದೂರ ಸಾಗಿ, ಮರಳು ಮುಗಿದು, ಮತ್ತೆ ಅದೇ ಗಿರ್ರು.

ಹದಿಮೂರು ಡಬ್ಬಿ ಹೊರಗೆ. ರಾಹುಕಾಲಕ್ಕೆ ಇಪ್ಪತ್ತೈದು ನಿಮಿಷ.

ಇನ್‌ಸ್ಪೆಕ್ಟರ್ ಹಳಿಯ ಉದ್ದಕ್ಕೂ ನಡೆದು, ಬಗ್ಗಿ, ಒಂದು ಬೀಜ ಎತ್ತಿಕೊಂಡು ಬಂದರು. ಅದನ್ನು ಅಂಗೈಯಲ್ಲಿಟ್ಟು, ಇದು ಏನೆಂದು ಜಿಯಾವುಲ್ಲಾ ಸಾಹೇಬರನ್ನು ಕೇಳಿದರು. ಸಾಹೇಬರು ಭೀಮಾಶಂಕರನನ್ನು ನೋಡಿದರು. ಷಡ್ಕನ ಮಗ ಬಯೋಡೇಟಾವನ್ನು ಕಂಕುಳಿನಿಂದ ಕೈಗೆ ತೆಗೆದುಕೊಂಡ. ಭೀಮಾಶಂಕರನಿಗೆ ಕಾಯಂ ಎಂಬುದು ಕಣ್ಣೆದುರಿಗೇ ಹದಿಮೂರು ಡಬ್ಬಿ ದೂರದಲ್ಲಿ ನಿಂತುಬಿಟ್ಟಿತ್ತು.

ಆಗ ಅಮೃತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಹಳಿಯ ಮೇಲೆ ಬೆರಳಾಡಿಸಿ ಮೂಸಿದಳು. ಒಣ ಮರಳು ಎಲ್ಲಿದೆ ಎಂದು ಮಗಳನ್ನು ಕೇಳಿದಳು. ಶೆಡ್ಡಿನೊಳಗೆ ಆಫೀಸು ಕಟ್ಟಲು ತರಿಸಿದ ರಾಶಿಯಿತ್ತು, ಜರಡಿಯೂ ಇತ್ತು. ಆಕೆ ಮಂಜುಳಮ್ಮನ ರಂಗೋಲಿಯನ್ನು ಒಮ್ಮೆ ನೋಡಿ, ಆಮೇಲೆ ಇಪ್ಪತ್ತು ಹೆಂಗಸರನ್ನು ನೋಡಿದಳು.

"ಇಷ್ಟು ಛಂದ ಎಳಿ ಎಳಿಯೋ ಕೈ ಅವ. ಮರಳು ಹಿಡದು ಹಳಿ ಮ್ಯಾಲ ಒಂದೇ ಒಂದು ಗೆರಿ ಎಳೀರವ್ವ. ಎಲ್ಲೂ ತುಂಡಾಗಬಾರ್ದು ನೋಡ್ರಿ."

ಹೊರಗಿನವರು ಹಳಿ ಮುಟ್ಟುವಂತಿಲ್ಲ ಎಂದು ಇನ್‌ಸ್ಪೆಕ್ಟರ್ ನಿಯಮ ಹೇಳಲು ಬಾಯಿ ತೆರೆದರು. ಆದರೆ ಸಿಕ್ಕಿಕೊಂಡ ಗಾಡಿಗೆ ಜವಾಬ್ದಾರರು ಅವರೇ. ಆಕೆಯ ಗಂಡ ಪಾಯಿಂಟ್ಸ್‌ಮನ್ ಆಗಿದ್ದ ಎಂದು ತಿಳಿದ ಮೇಲೆ, ಈಕೆ ಪೂರ್ತಿ ಹೊರಗಿನವಳಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬ್ರೇಕ್ ಬಿಗಿಸಿ, ಡ್ರೈವರನ್ನು ಕೆಳಗಿಳಿಸಿ, ತಾವೇ ಕೆಂಪು ಬಾವುಟ ಹಿಡಿದು ಇಂಜಿನ್ನಿನ ಪಕ್ಕ ನಿಂತರು.

ಜರಡಿ ಹಿಡಿದ ಮರಳು ಮೊರಗಳಲ್ಲಿ ಬಂತು. ಹತ್ತು ಹೆಂಗಸರು ಈ ಕಡೆ, ಹತ್ತು ಹೆಂಗಸರು ಆ ಕಡೆ, ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಹಳಿಯ ನೆತ್ತಿಯ ಮೇಲೆ ಗೆರೆ ಬಿಡುತ್ತಾ ಸರಿದರು. ಕೈ ಒಂದಿಷ್ಟೂ ನಡುಗಲಿಲ್ಲ, ಗೆರೆ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಜಿಯಾವುಲ್ಲಾ ಸಾಹೇಬರು ತಾವೂ ಪ್ಯಾಂಟು ಮಡಿಸಿ ಎರಡು ಮಾರು ಎಳೆದರು. ಮಂಜುಳಮ್ಮ ಅದನ್ನು ನೋಡಿ, ಅಳಿಸಿ ಬೇರೆ ಎಳೆದರು. ಭೀಮಾಶಂಕರ ಮೊರ ಹೊತ್ತು ಓಡಾಡಿದ. ಅತಿಥಿಗಳು ಕುರ್ಚಿ ಬಿಟ್ಟು ಬಂದು ಸಾಲಾಗಿ ನಿಂತು ನೋಡಿದರು. ನೋಡುವಂಥದೇ ಆಗಿತ್ತು. ಎರಡು ನೆಟ್ಟನೆಯ ಮರಳಿನ ಗೆರೆಗಳು ಡಬ್ಬಿಗಳ ಕೆಳಗೆ ಹಾದು ಉದ್ದಕ್ಕೂ ಹರಿದಿದ್ದವು.

ಎಲ್ಲರೂ ಹೊರಗೆ ಬಂದಿದ್ದಾರೆಂದು ಇನ್‌ಸ್ಪೆಕ್ಟರ್ ಎರಡು ಸಲ ಎಣಿಸಿ ಹಸಿರು ಬಾವುಟ ಎತ್ತಿದರು. ಇಂಜಿನ್ ಒಮ್ಮೆ ಗುರ್ರೆಂದಿತು, ಮರಳು ಚಟಪಟ ಸಿಡಿಯಿತು, ಗಾಲಿ ಕಚ್ಚಿ ಹಿಡಿಯಿತು. ಹತ್ತು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ನಲವತ್ತನೆಯ ಡಬ್ಬಿ ಶೆಡ್ಡಿನೊಳಗೆ ನಿಂತಿತು. ಬೀದಿಯ ಹೆಂಗಸರು ಮರಳಿನ ಕೈಯಲ್ಲೇ ಚಪ್ಪಾಳೆ ಹೊಡೆದರು. ಗಾಡಿ ತಡವಾದ ಕಾರಣ ಬರೆಯಲು ಇನ್‌ಸ್ಪೆಕ್ಟರ್ ಪುಸ್ತಕ ತೆಗೆದು ಬಹಳ ಹೊತ್ತು ಯೋಚಿಸಿದರು. ನಿಂಬೆಹಣ್ಣಿಗೆ ಅದರಲ್ಲಿ ಕಾಲಂ ಇರಲಿಲ್ಲ. ಹಳಿ ಜಾರುತ್ತಿತ್ತು ಎಂದು ಬರೆದು ಮುಚ್ಚಿದರು.

ಯಜಮಾನರಿಗೆ ಹೋದ ಜೀವ ಬಂದಂತಾಗಿತ್ತು. ಅತಿಥಿಗಳಲ್ಲಿ ಹಿರಿಯರೊಬ್ಬರು, ಗೂಡ್ಸ್ ಗಾಡಿಗೆ ಇಂಥ ಸ್ವಾಗತ ಎಲ್ಲೂ ಕಂಡಿಲ್ಲ ಎಂದು ಅವರ ಕೈ ಕುಲುಕಿದರು. ಯಜಮಾನರು ಹಿಗ್ಗಿ ಅಮೃತಮ್ಮನ ಕಡೆ ತಿರುಗಿದರು.

"ಅಮ್ಮಾ, ಮೊದಲು ನಿಂಬೆಹಣ್ಣು, ಆಮೇಲೆ ಮರಳಿನ ರಂಗೋಲಿ. ನಿಮ್ಮ ವಾಡೀಲಿ ಇದೇ ಪದ್ಧತಿನಾ?"

ಎಲ್ಲರೂ ಆಕೆಯ ಬಾಯಿ ನೋಡಿದರು. ಅಮೃತಮ್ಮ ಅಳಿಯನನ್ನು ನೋಡಿದಳು. ಹೌದು ಎಂದು ಆಕೆಯ ಬಾಯಿಂದ ಬಂದರೆ ಸಾಕು, ಕೆಲಸ ಕಾಯಂ. ಆದರೆ ಬೆವರಿನ ಮೇಲೆ ಮರಳು ಮೆತ್ತಿಕೊಂಡು ನಿಂತ ಆ ಅರವತ್ತು ವರ್ಷದ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಲು ಭೀಮಾಶಂಕರನಿಗೆ ನಾಚಿಕೆಯಾಯಿತು. ಅವನೇ ಮುಂದೆ ಬಂದ.

"ಇಲ್ರಿ ಸರ್. ವಾಡ್ಯಾಗ ಹಂಗ ಯಾರೂ ಮಾಡಂಗಿಲ್ಲ. ನಿಂಬಿಹಣ್ಣು ನಾನೇ ಹುಟ್ಟಿಸಿದ್ದು. ಅದಕ್ಕೇ ಗಾಡಿ ನಿಂತದ್ದು. ಎಬ್ಬಿಸಿದ್ದು ನಮ್ಮ ಅತ್ತಿಯವರ್ರಿ."

ಮೊದಲು ನಕ್ಕವರು ಇನ್‌ಸ್ಪೆಕ್ಟರ್. ಆಮೇಲೆ ಅತಿಥಿಗಳು, ಆಮೇಲೆ ಹಮಾಲಿಗಳು. ಅಷ್ಟು ಜನ ನಗುವಾಗ ತಾವೊಬ್ಬರೇ ಸಿಟ್ಟಾಗುವುದು ಚೆನ್ನಾಗಿರುವುದಿಲ್ಲವೆಂದು ಯಜಮಾನರೂ ನಕ್ಕರು. ಜಿಯಾವುಲ್ಲಾ ಸಾಹೇಬರು ಸಮಯ ನೋಡಿ ಅವರ ಕಿವಿಯ ಹತ್ತಿರ ಬಾಗಿದರು. ಗಾಡಿ ರಾಹುಕಾಲಕ್ಕೆ ಮೊದಲೇ ಬಂದಿದೆ, ತಾನು ಮಾಡಿದ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಗುಮಾಸ್ತ ಶಿವಾಜಿನಗರದಿಂದ ವೈಟ್‌ಫೀಲ್ಡ್‌ವರೆಗೆ ಹುಡುಕಿದರೂ ಸಿಕ್ಕುವುದಿಲ್ಲ ಎಂದರು. ಯಜಮಾನರು ಕತ್ತಿನ ಹಾರ ತೆಗೆದು ಭೀಮಾಶಂಕರನಿಗೆ ಹಾಕಿದರು. ಅದು ಅವನ ಮೊಣಕಾಲಿನವರೆಗೆ ಬಂತು.

"ಇವತ್ತಿನಿಂದ ನೀನು ಕಾಯಂ. ದಿನಗೂಲಿ ಗಿನಗೂಲಿ ಎಲ್ಲಾ ಇಲ್ಲಿಗೆ ಮುಗೀತು," ಎಂದು ಇಡೀ ಶೆಡ್ಡಿಗೆ ಕೇಳುವಂತೆ ಸಾರಿದರು.

ಭೀಮಾಶಂಕರನಿಗೆ ಅಳುವಷ್ಟು ಸಂತೋಷವಾಯಿತು. ಮರುಕ್ಷಣವೇ, ಅತ್ತೆ ಮೂರು ಅಡಿ ದೂರದಲ್ಲಿ ನಿಂತಿದ್ದಾಳೆ ಎಂಬುದು ನೆನಪಾಯಿತು. ಎರಡು ವರ್ಷ ಮುಚ್ಚಿಟ್ಟದ್ದನ್ನು ಯಜಮಾನರು ಒಂದೇ ಮಾತಿನಲ್ಲಿ ಬಯಲು ಮಾಡಿದ್ದರು. ಅವನು ಹಾರದ ಸಮೇತ ಆಕೆಯ ಮುಂದೆ ಹೋಗಿ ತಲೆ ತಗ್ಗಿಸಿ ನಿಂತ. ಮದುವೆಯಲ್ಲಿ ಹೇಳಿದ್ದು ಸುಳ್ಳು, ತಪ್ಪಾಯಿತು ಎಂದ.

ಅಮೃತಮ್ಮ ಕೈಯ ಮರಳು ಝಾಡಿಸಿದಳು. ಅದು ತನಗೆ ಮದುವೆಯಾದ ಎರಡನೇ ತಿಂಗಳಿಗೇ ಗೊತ್ತು, ಮಗಳೇ ಹೇಳಿದ್ದಾಳೆ ಎಂದಳು. ಭೀಮಾಶಂಕರ ತಿರುಗಿ ನೋಡಿದರೆ ರಾಜೇಶ್ವರಿ ತೋರಣದ ಮಾವಿನೆಲೆಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು. ಅತ್ತೆ ಅವನನ್ನು ಕಂಬದ ಮರೆಗೆ ಕರೆದು, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದಳು.

"ಅದೆಲ್ಲಾ ಇರ್ಲಿ. ನೀವು ಲಗೂನ ಬಡ್ತಿ ತಗೊಳ್ರಿ. ನಾ ಊರಾಗ ಎಲ್ಲಾರಿಗೂ ನಮ್ಮ ಅಳಿಯ ಬೆಂಗಳೂರಾಗ ಸ್ಟೇಷನ್ ಮಾಸ್ತರ್ ಅದಾರ ಅಂತ ಹೇಳಿಬಿಟ್ಟೀನಿ. ಹ್ಯಾಂಗೂ ಒಂದಿನ ಆಗ್ತೀರಲ್ಲ ಅಂತ."